ನಮ್ಮ ಬೀದಿಯ ನಲವತ್ತೊಂದನೇ ಚುಕ್ಕಿ

ನನಗೂ ನನ್ನ ಅಕ್ಕನಿಗೂ ಮಾತು ಬಿಟ್ಟು ಹದಿನಾಲ್ಕು ವರ್ಷವಾಗಿತ್ತು. ಅವಳ ಮನೆ ನನ್ನ ಮನೆಗೆ ಎದುರೇ. ನನ್ನ ಹೊಸ್ತಿಲಿಂದ ಅವಳ ಜಗಲಿಗೆ ಇಪ್ಪತ್ತೆರಡು ಹೆಜ್ಜೆ. ಈ ಹದಿನಾಲ್ಕು ವರ್ಷದಲ್ಲಿ ನಮ್ಮಿಬ್ಬರ ನಡುವೆ ತಿಳಿಯಬೇಕಾದ ವಿಷಯ ಯಾವುದೂ ತಿಳಿಯದೆ ಉಳಿಯಲಿಲ್ಲ. ಎಲ್ಲವೂ ಎಮ್ಮೆಯ ಮೂಲಕ ನಡೆಯುತ್ತಿತ್ತು.

ಪಟ್ಟಣದವರಿಗೆ ಇದನ್ನು ವಿವರಿಸಬೇಕಾದೀತು. ನಮ್ಮ ಚೌಳಹಿರಿಯೂರಿನ ಕಡೆ ಮಾತು ಬಿಡುವುದಕ್ಕೂ ಒಂದು ಕ್ರಮವಿದೆ. ಮಾತು ಬಿಟ್ಟವರು ಒಬ್ಬರನ್ನೊಬ್ಬರು ನೋಡಬಹುದು. ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬಹುದು. ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಹೋಗಲೇಬೇಕು. ಮಾತಾಡುವಂತಿಲ್ಲ, ಅಷ್ಟೇ. ಹೇಳಲೇಬೇಕಾದ ವಿಷಯ ಬಂದರೆ ಅಲ್ಲೇ ಇರುವ ಮೂರನೆಯವರಿಗೆ, ಆ ಇನ್ನೊಬ್ಬರ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ ಹೇಳಬೇಕು. ಮೂರನೆಯವರು ಮನುಷ್ಯರೇ ಆಗಿರಬೇಕೆಂಬ ಕಟ್ಟಳೆ ಇಲ್ಲ. ತೊಟ್ಟಿಲ ಕೂಸಿಗೆ ಹೇಳುವವರಿದ್ದಾರೆ, ನಾಯಿಗೆ ಹೇಳುವವರಿದ್ದಾರೆ. ನಮ್ಮ ಬೀದಿಯಲ್ಲಿ ಎಮ್ಮೆ.

ಆ ಎಮ್ಮೆ ನಮ್ಮೆರಡು ಮನೆಗಳ ನಡುವಿನ ಹೊಂಗೆ ಮರದ ಕೆಳಗೆ ಗೂಟಕ್ಕೆ ಕಟ್ಟಿಸಿಕೊಂಡು ನಿಂತಿರುತ್ತಿತ್ತು. ಅದರ ಯಜಮಾನಿ ಪಕ್ಕದ ಮನೆಯ ಹೆಂಗಸು, ನನಗಿಂತ ಎರಡು ವರ್ಷ ಚಿಕ್ಕವಳು, ಕಿವಿ ಸ್ವಲ್ಪ ಮಂದ. ಮೊದಮೊದಲು ಬೀದಿಯವರು ಅವಳ ಮೂಲಕವೇ ಹೇಳಿ ಕಳಿಸುತ್ತಿದ್ದರು. ಆದರೆ ಅವಳು ಅರ್ಧ ಕೇಳಿಸಿಕೊಂಡು, ಉಳಿದರ್ಧವನ್ನು ಸ್ವಂತವಾಗಿ ಸೇರಿಸುತ್ತಿದ್ದಳು. ಎಮ್ಮೆ ಏನನ್ನೂ ಸೇರಿಸುತ್ತಿರಲಿಲ್ಲ. ಈ ಎಮ್ಮೆಗೆ ಆರು ವರ್ಷ. ಅದಕ್ಕೂ ಮೊದಲು ಅದರ ತಾಯಿ ಇದೇ ಕೆಲಸ ಮಾಡಿಕೊಂಡಿತ್ತು.

ಜಗಳದ ಕಾರಣ ಚಿಕ್ಕದು. ನಾನು ರೈಲ್ವೆಯಲ್ಲಿದ್ದವನು. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಕಡೆಯೂ ಸ್ಟೇಷನ್ ಮಾಸ್ಟರ್ ಆಗಿದ್ದೆ. ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ಐದೂವರೆಗೆ ಸ್ನಾನ, ಆರಕ್ಕೆ ಕಾಫಿ. ನಿವೃತ್ತಿಯಾದ ಮರುದಿನವೂ ಇದು ಬದಲಾಗಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ನನ್ನ ಮಗಳ ಮದುವೆ ತರೀಕೆರೆಯಲ್ಲಿತ್ತು. ಗಂಡಿನ ಕಡೆಯವರ ಊರು ಅದು. ಬೀದಿಯವರೆಲ್ಲ ಹೋಗಲು ಒಂದು ವ್ಯಾನು ಮಾಡಿಸಿದ್ದೆ. ಬೆಳಿಗ್ಗೆ ಆರಕ್ಕೆ ಹೊರಡುವುದೆಂದು ಹಿಂದಿನ ದಿನವೇ ಮನೆಮನೆಗೂ ಹೋಗಿ ಹೇಳಿದ್ದೆ. ಆರು ಗಂಟೆಗೆ ಹನ್ನೊಂದು ಜನ ಬಂದಿದ್ದರು. ಡ್ರೈವರಿಗೆ ಕೈ ತೋರಿಸಿದೆ. ವ್ಯಾನಿನಲ್ಲಿ ಸೀಟುಗಳು ಖಾಲಿ ಇದ್ದವು. ಆದರೆ ಗಾಡಿ ಹೊರಡುವುದಕ್ಕೂ ಸೀಟು ತುಂಬುವುದಕ್ಕೂ ಸಂಬಂಧವಿಲ್ಲ ಎನ್ನುವುದು ನಾನು ಕಲಿತ ವಿದ್ಯೆ.

ಉಳಿದುಹೋದವರಲ್ಲಿ ನನ್ನ ಅಕ್ಕನೂ ಒಬ್ಬಳು. ಮದುವಣಗಿತ್ತಿಗೆ ಸೋದರತ್ತೆ. ಕಳಸ ಹಿಡಿಯಬೇಕಾದವಳು. ಕಳಸವೂ ಅವಳ ಕೈಯಲ್ಲೇ ಇತ್ತು. ಅವಳೂ ಉಳಿದವರೂ ಕಡೂರಿಗೆ ಬಂದು ಬಸ್ಸು ಹಿಡಿದು ತರೀಕೆರೆ ತಲುಪುವ ಹೊತ್ತಿಗೆ ತಾಳಿ ಕಟ್ಟಿ ಮುಗಿದು ಜನ ಎರಡನೇ ಪಂಕ್ತಿಗೆ ಕೂತಿದ್ದರು. ಮುಹೂರ್ತ ಮೀರುವುದೆಂದು ಅಡಿಗೆಯವರ ಹತ್ತಿರ ಒಂದು ಸ್ಟೀಲ್ ಚೊಂಬು ಇಸಕೊಂಡು ಕಳಸ ಮಾಡಿದ್ದೆವು. ಅಕ್ಕ ಬಾಗಿಲಲ್ಲಿ ನಿಂತು ಆ ಚೊಂಬನ್ನು ನೋಡಿದಳು. ನಾನು ಸುಮ್ಮನಿರಬಹುದಿತ್ತು. "ಆರು ಅಂದ್ರೆ ಆರು ಕಣಕ್ಕ," ಎಂದೆ.

ಅದೇ ನಾವಿಬ್ಬರೂ ನೇರವಾಗಿ ಆಡಿದ ಕೊನೆಯ ಮಾತು.

ಅಂದಿನಿಂದ ಬೀದಿ ಎರಡಾಯಿತು. ವ್ಯಾನಿನಲ್ಲಿ ಹೋದವರು ವ್ಯಾನಿನವರು, ಬಸ್ಸಿನಲ್ಲಿ ಬಂದವರು ಬಸ್ಸಿನವರು. ಮದುವೆಗೆ ಬಾರದವರನ್ನೂ ಆಮೇಲೆ ಯಾವುದಾದರೊಂದಕ್ಕೆ ಸೇರಿಸಿಕೊಂಡರು. ಆಮೇಲೆ ಹುಟ್ಟಿದ ಮಕ್ಕಳನ್ನು ಕೂಡ. ನಮ್ಮ ಬೀದಿಯಲ್ಲಿ ಹತ್ತು ವರ್ಷದ ಮಗುವೊಂದು ತಾನು ಬಸ್ಸಿನ ಕಡೆ ಎನ್ನುವಾಗ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಎಮ್ಮೆಯ ಯಜಮಾನಿ ಮಾತ್ರ ಆ ದಿನ ಕರು ಹಾಕುವ ಎಮ್ಮೆಯನ್ನು ಕಾಯುತ್ತ ಮನೆಯಲ್ಲೇ ಉಳಿದಿದ್ದರಿಂದ ಯಾವ ಕಡೆಗೂ ಸೇರಲಿಲ್ಲ.

ಹೀಗೆ ಚೆನ್ನಾಗಿಯೇ ನಡೆದುಕೊಂಡು ಹೋಗುತ್ತಿತ್ತು. ಹೋದ ವರ್ಷ ಕಡೂರಿನಲ್ಲಿ ಅಕ್ಕನ ಬಲಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ಎರಡು ಬಾಟಲಿ ಹನಿ ಮದ್ದು ಕೊಟ್ಟರು. ಬೆಳಿಗ್ಗೆ ಎಂಟು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕು, ರಾತ್ರಿ ಎಂಟು. ಮೊದಲು ಒಂದು ಬಾಟಲಿಯದು, ಐದು ನಿಮಿಷ ಬಿಟ್ಟು ಇನ್ನೊಂದರದು. ತಪ್ಪಿಸಿದರೆ ಕೀವಾಗಿ ಕಣ್ಣೇ ಹೋಗಬಹುದೆಂದು ಡಾಕ್ಟರು ಹೆದರಿಸಿ ಕಳಿಸಿದ್ದರು. ಅವಳ ಎಡಗಣ್ಣು ಮೊದಲೇ ಮಂಜು. ಅಂದರೆ ಇದ್ದದ್ದು ಈ ಒಂದು ಕಣ್ಣು.

ಅವಳ ಮಗ ಟೆಂಪೋ ಗೂಡ್ಸ್ ಗಾಡಿಯಲ್ಲಿ ತೆಂಗಿನಕಾಯಿ ಸಾಗಿಸುತ್ತಾನೆ, ಸೊಸೆ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಾಳೆ. ಬೆಳಿಗ್ಗೆ ಮತ್ತು ರಾತ್ರಿಯ ಹನಿ ಅವರು ಹಾಕುತ್ತಿದ್ದರು. ಮಧ್ಯಾಹ್ನ ಮತ್ತು ಸಂಜೆಯದಕ್ಕೆ ಗತಿಯಿರಲಿಲ್ಲ. ಸೋದರಳಿಯ ನನ್ನ ಹತ್ತಿರ ಬಂದ. "ಮಾವ, ಟೈಮು ಅಂದ್ರೆ ನೀವು. ಅಮ್ಮಂಗೆ ಎರಡು ಹೊತ್ತು ಹೇಳ್ಬಿಡಿ ಸಾಕು, ಹಾಕ್ಕೊಳೋದು ಅವ್ಳೇ ಹಾಕ್ಕೊತಾಳೆ."

"ಹೇಳೋದು ಹೇಗೋ?"

"ಎಮ್ಮೆ ಇದ್ಯಲ್ಲ."

ಬಾಟಲಿಗಳನ್ನು ಅವನ ಕೈಯಿಂದ ತೆಗೆದುಕೊಂಡು ಒಂದಕ್ಕೆ ಒಂದು ಗಂಟಿನ ದಾರ, ಇನ್ನೊಂದಕ್ಕೆ ಎರಡು ಗಂಟಿನ ದಾರ ಕಟ್ಟಿ ಕಳಿಸಿದೆ, ಕಣ್ಣು ಕಾಣದಿದ್ದರೂ ಬೆರಳಿಗೆ ತಿಳಿಯಲೆಂದು. ಮರುದಿನದಿಂದ ಹನ್ನೆರಡಕ್ಕೆ ಸರಿಯಾಗಿ ಹೊಸ್ತಿಲಲ್ಲಿ ನಿಂತು, "ಎಮ್ಮೆ, ಒಂದು ಗಂಟಿನದು," ಎನ್ನುತ್ತಿದ್ದೆ. ಐದು ನಿಮಿಷ ಬಿಟ್ಟು, "ಎಮ್ಮೆ, ಎರಡು ಗಂಟಿನದು." ಎದುರಿನ ಜಗಲಿಯಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದ ಅಕ್ಕ ಹನಿ ಹಾಕಿಕೊಂಡು, "ಆಯ್ತು ಅಂತ ಹೇಳವ್ವ," ಎನ್ನುತ್ತಿದ್ದಳು. ಎಮ್ಮೆ ಮೆಲುಕು ಹಾಕುತ್ತಿತ್ತು.

ಇದೇ ದಿನಗಳಲ್ಲಿ ಆ ಹುಡುಗಿ ಬಂದದ್ದು. ಅಜ್ಜಂಪುರದ ಕಡೆಯವಳು, ಗಣಿತದಲ್ಲಿ ಎಂಎಸ್ಸಿ ಮುಗಿಸಿ ಪಿಎಚ್‌ಡಿ ಮಾಡುತ್ತಿದ್ದಳು. ಊರಿನ ಜನರ ನಡುವಿನ ಸಂಬಂಧಗಳನ್ನು ಲೆಕ್ಕದಿಂದ ಅಳೆಯುವುದು ಅವಳ ವಿಷಯ. ಪ್ರತಿಯೊಬ್ಬ ಮನುಷ್ಯನೂ ಒಂದು ಚುಕ್ಕಿ, ಒಬ್ಬ ಇನ್ನೊಬ್ಬನಿಗೆ ವಿಷಯ ಹೇಳಿದರೆ ಅವರ ನಡುವೆ ಒಂದು ಗೆರೆ. ಹೀಗೆ ಗೆರೆ ಎಳೆಯುತ್ತ ಹೋದರೆ ಊರಿನ ನಕ್ಷೆ ಬರುತ್ತದೆ, ಯಾರ ಮೂಲಕ ಊರು ನಡೆಯುತ್ತಿದೆ ಎಂದು ಲೆಕ್ಕವೇ ಹೇಳುತ್ತದೆ ಎಂದಳು. ನನಗೆ ಬಹಳ ಹಿಡಿಸಿತು. ಸ್ಟೇಷನ್ನುಗಳೂ ಹಾಗೇ ಅಲ್ಲವೇ.

ಫಾರಮು ತುಂಬಲು ಊರಿನವರೇ ಒಬ್ಬರು ಬೇಕೆಂದು ಕೇಳಿದಳು. ನಾನೇ ಒಪ್ಪಿಕೊಂಡೆ. ಹೊರಡುವಾಗ ಅವಳು ಹೇಳಿದ್ದು ಒಂದೇ ಮಾತು. "ಸರ್, ಅವ್ರು ಹೇಳಿದ್ದನ್ನ ಹೇಳಿದ ಹಾಗೇ ಬರೀರಿ. ನಿಮ್ಮ ಅಭಿಪ್ರಾಯ ಸೇರಿಸ್ಬೇಡಿ."

ಇಂಥ ಸೂಚನೆಯನ್ನು ನನಗೆ ಎರಡು ಸಲ ಕೊಡಬೇಕಾಗಿಲ್ಲ. ಬೀದಿಯ ಪೂರ್ವದ ತುದಿಯಿಂದ ಶುರುಮಾಡಿ ದೊಡ್ಡವರಿಗೆಲ್ಲ ನಂಬರು ಕೊಟ್ಟೆ. ಎರಡೂ ಕಡೆ ಮಾತಿದ್ದ ಸೋದರಳಿಯ ಸದಾ ಗಾಡಿಯ ಮೇಲೆಯೇ ಇರುವವನು, ಲೆಕ್ಕಕ್ಕೆ ಸಿಗಲಿಲ್ಲ. ನಲವತ್ತು ಜನ ಆದರು. ನಾನು ಒಂಬತ್ತು, ಅಕ್ಕ ಇಪ್ಪತ್ತೇಳು. ಫಾರಮಿನಲ್ಲಿ ಎರಡು ಮುಖ್ಯ ಪ್ರಶ್ನೆಗಳಿದ್ದವು. ಕಳೆದ ವಾರ ನಿಮ್ಮ ಮನೆಯ ವಿಷಯವನ್ನು ಯಾರಿಗೆ ಹೇಳಿದಿರಿ? ಬೇರೆ ಮನೆಯ ವಿಷಯ ನಿಮಗೆ ಯಾರಿಂದ ತಿಳಿಯಿತು?

ಮೂಲೆಮನೆಯ ಹೆಂಗಸನ್ನು ಕೇಳಿದೆ. ಏಣಿ ಬೇಕಾಗಿತ್ತು, ಅದು ಬಸ್ಸಿನವರ ಮನೆಯಲ್ಲಿತ್ತು, ಎಮ್ಮೆಗೆ ಹೇಳಿದೆ, ಸಂಜೆಗೆ ಏಣಿ ಬಂದು ಗೋಡೆಗೆ ಒರಗಿತ್ತು ಎಂದಳು. ಯಾರಿಗೆ ಹೇಳಿದಿರಿ ಎಂಬ ಜಾಗದಲ್ಲಿ 'ಎಮ್ಮೆ' ಎಂದು ಬರೆದೆ. ಮುಂದಿನ ಮನೆಯಲ್ಲೂ ಎಮ್ಮೆ. ಅದರ ಮುಂದಿನ ಮನೆಯಲ್ಲೂ. ಯಜಮಾನಿಯ ಹೆಸರನ್ನು ಒಬ್ಬರೂ ಹೇಳಲಿಲ್ಲ. ಹೆಸರು ಬಂದ ಮೇಲೆ ನಂಬರು ಇರಬೇಕು, ನಲವತ್ತೊಂದು ಕೊಟ್ಟೆ. ನಂಬರು ಇದ್ದ ಮೇಲೆ ಅದರದ್ದೇ ಒಂದು ಫಾರಮು ಇರಬೇಕು, ತುಂಬಿದೆ. ಲಿಂಗ: ಹೆಣ್ಣು. ವಯಸ್ಸು: ಆರು. ವಿದ್ಯಾಭ್ಯಾಸ: ಇಲ್ಲ. ಉದ್ಯೋಗ: ಹೈನು. ಮೊಬೈಲ್: ಇಲ್ಲ. ಸಹಿಯ ಜಾಗದಲ್ಲಿ ಅಡ್ಡಗೆರೆ ಎಳೆದೆ. ಖಾಲಿ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ.

ಇಪ್ಪತ್ತೇಳನೇ ನಂಬರಿನದು ತೊಡಕಾಯಿತು. ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತು, ಎಮ್ಮೆಯನ್ನು ಕೇಳಿದೆ. "ವಯಸ್ಸೆಷ್ಟು ಅಂತ ಕೇಳಮ್ಮ."

ಜಗಲಿಯಿಂದ ಉತ್ತರ ಬಂತು. "ಅವ್ನಿಗಿಂತ ಐದು ವರ್ಷ ದೊಡ್ಡೋಳು ಅಂತ ಹೇಳವ್ವ. ಬುದ್ಧೀಲೂ."

"ಮನೆ ವಿಷ್ಯ ಯಾರಿಗ್ ಹೇಳ್ತಾರಂತೆ?"

"ನಿಂಗೇ ಅಲ್ವೇನವ್ವ ಹೇಳೋದು. ಬರ್ಕೊಳೋಕ್ ಹೇಳು. ಮನ್ಷರಿಗೆ ಹೇಳೋದು ಬಿಟ್ಟು ಬಾಳ ವರ್ಷ ಆಯ್ತು ಅಂತಾನೂ ಬರ್ಕೊಳೋಕ್ ಹೇಳು."

ಎರಡನ್ನೂ ಬರೆದುಕೊಂಡೆ.

ಹದಿನೈದು ದಿನದ ಮೇಲೆ ಹುಡುಗಿ ಲ್ಯಾಪ್‌ಟಾಪು ಹಿಡಿದು ಬಂದಳು. ಬರುತ್ತೇನೆಂದು ಹೇಳಿದ್ದು ಹತ್ತಕ್ಕೆ, ಬಂದದ್ದು ಹತ್ತೂ ಇಪ್ಪತ್ತಕ್ಕೆ. ಬಸ್ಸು ತಡ ಎಂದಳು. ನನ್ನ ಹೆಂಡತಿ ಕಾಫಿ ತಂದುಕೊಟ್ಟಳು. ಪರದೆಯ ಮೇಲೆ ನಮ್ಮ ಬೀದಿ ಇತ್ತು. ಎಡಕ್ಕೊಂದು ಚುಕ್ಕಿಗಳ ಗುಂಪು, ಬಲಕ್ಕೊಂದು ಗುಂಪು, ನಡುವೆ ರಾಗಿಮುದ್ದೆಯಷ್ಟು ದಪ್ಪದ ಒಂದೇ ಒಂದು ಚುಕ್ಕಿ. ಎಲ್ಲ ಗೆರೆಗಳೂ ಅದಕ್ಕೇ ಹೋಗಿ ಸೇರುತ್ತಿದ್ದವು.

"ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಹೋಗ್ಬೇಕಾದ್ರೂ ಹತ್ತಿರದ ದಾರಿ ಇವ್ರ ಮೂಲಕವೇ ಸರ್," ಎಂದಳು. "ಇಷ್ಟು ಅಂಕ ಬಂದಿರೋರನ್ನ ನಾನು ಯಾವ ಊರಲ್ಲೂ ನೋಡಿಲ್ಲ. ಯಾರು ಸರ್ ಈ ನಲವತ್ತೊಂದು? ಹೆಣ್ಣು, ಹೈನು ಅಂತ ಇದೆ. ವಯಸ್ಸು ಆರು ಅಂತಿತ್ತು, ಅರವತ್ತು ಇರ್ಬೇಕು, ಸೊನ್ನೆ ಬಿಟ್ಟುಹೋಗಿದೆ ಅಂತ ನಾನೇ ತಿದ್ದಿದೀನಿ."

"ನಾನು ಸೊನ್ನೆ ಬಿಡುವವನಲ್ಲ," ಎಂದೆ.

ಅವರನ್ನು ಕಂಡು ಮಾತಾಡಬೇಕು ಎಂದಳು. ಮುಖ್ಯವಾದ ವ್ಯಕ್ತಿಗಳಿಗೆ ಕೊಡಲೆಂದು ಒಂದು ಪೆನ್ನು, ಒಂದು ಡೈರಿ ಬೇರೆ ತಂದಿದ್ದಳು. ಕರೆದುಕೊಂಡು ಹೋಗಿ ಹೊಂಗೆ ಮರದ ಕೆಳಗೆ ನಿಲ್ಲಿಸಿದೆ.

"ಇವರೇ," ಎಂದೆ.

ಹುಡುಗಿ ಎಮ್ಮೆಯನ್ನು ನೋಡಿದಳು. ಎಮ್ಮೆ ಡೈರಿಯನ್ನು ನೋಡಿತು. ಹಿಂದೆಯೇ ಬಂದಿದ್ದ ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

"ಸರ್, ಎಮ್ಮೆನ ತೆಗೆದುಹಾಕ್ಬೇಕಾಗುತ್ತೆ," ಎಂದಳು ಹುಡುಗಿ ಕೊನೆಗೆ. ಅಲ್ಲೇ ಕಲ್ಲಿನ ಮೇಲೆ ಕೂತು, ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಒಂದು ಕೀಲಿ ಒತ್ತಿದಳು. ದಪ್ಪ ಚುಕ್ಕಿ ಮಾಯವಾಯಿತು. ಎರಡು ಗುಂಪುಗಳೂ ನೋಡನೋಡುತ್ತಲೇ ದೂರ ಸರಿದು ಪರದೆಯ ಎರಡು ಅಂಚಿಗೆ ಹೋಗಿ ನಿಂತವು. ಒಂಬತ್ತು ಒಂದು ಅಂಚಿನಲ್ಲಿ, ಇಪ್ಪತ್ತೇಳು ಇನ್ನೊಂದು ಅಂಚಿನಲ್ಲಿ. ನಡುವೆ ಬರಿಯ ಬಿಳಿ.

ಅವಳು ಎಮ್ಮೆಯನ್ನು ಮತ್ತೆ ಹಾಕಿದಳು. "ಇರ್ಲಿ ಬಿಡಿ ಸರ್. ಇವ್ರನ್ನ ತೆಗೆದ್ರೆ ನಿಮ್ಮ ಬೀದಿನೇ ಇರಲ್ಲ." ಆಮೇಲೆ ತ್ರಿಕೋನಗಳ ವಿಷಯ ಹೇಳಿದಳು. ಇಬ್ಬರಿಗೆ ಆಗದಿದ್ದರೆ ಮೂರನೆಯವನು ಬಹಳ ದಿನ ಇಬ್ಬರಿಗೂ ಬೇಕಾದವನಾಗಿ ಉಳಿಯುವುದು ಕಷ್ಟವಂತೆ. ಒಬ್ಬರ ಕಡೆ ವಾಲುತ್ತಾನೆ, ಇಲ್ಲವೇ ಇಬ್ಬರನ್ನೂ ಸೇರಿಸುತ್ತಾನೆ. "ನಿಮ್ಮದು ಹದಿನಾಲ್ಕು ವರ್ಷ ಹೇಗೆ ನಿಂತಿದೆ ಅಂತ ಈಗ ಅರ್ಥ ಆಯ್ತು. ಎಮ್ಮೆಗೆ ಅಭಿಪ್ರಾಯ ಇಲ್ಲ."

ಅಷ್ಟರಲ್ಲಿ ಯಜಮಾನಿ ಹುಲ್ಲು ಹೊತ್ತುಕೊಂಡು ಬಂದಳು. ಹುಡುಗಿ ಯಾರೆಂದು ವಿಚಾರಿಸಿ, ಅಜ್ಜಂಪುರದ ಕಡೆಯವಳು ಎಂದ ಕೂಡಲೇ ಮುಖ ಅರಳಿಸಿದಳು. "ಅಲ್ಲಿಗೇ ಕಣವ್ವ ನಮ್ಮ ಎಮ್ಮೆ ಹೋಗ್ತಿರೋದು. ನನ್ನ ಮಗಳ ಮನೆಗೆ. ಮಂಡಿ ನೋವು, ನಂಗಿನ್ನು ಹುಲ್ಲು ಹೊರಕ್ಕಾಗಲ್ಲ. ಸೋಮವಾರ ಕಳಿಸ್ತಿದೀನಿ. ಅದು ಹೊಸ ಜಾಗಕ್ಕೆ ಹೊಂದ್ಕೊಳೋವರ್ಗೂ ನಾನೂ ಅಲ್ಲೇ ಇರ್ತೀನಿ."

ನಾನು ಎದುರಿನ ಜಗಲಿಯ ಕಡೆ ನೋಡಿದೆ. ಅಕ್ಕನಿಗೆ ಕೇಳಿಸಿತ್ತು. ದಿಂಬಿನ ಮೇಲಿದ್ದ ತಲೆ ಎತ್ತಿ, ಮತ್ತೆ ಇಟ್ಟುಕೊಂಡಳು. ಅಂದು ಶುಕ್ರವಾರ. ಇನ್ನೂ ಹದಿನೆಂಟು ದಿನದ ಹನಿ ಬಾಕಿ ಇತ್ತು.

ಮೂರು ದಿನ ಇತ್ತು, ನಾನು ಸುಮ್ಮನೆ ಕೂರಲಿಲ್ಲ. ಮೊದಲು ಸೋದರಳಿಯನಿಗೆ ಹೇಳಿ ಅಕ್ಕನ ಮೊಬೈಲಿಗೆ ಹನ್ನೆರಡರ ಅಲಾರಾಂ ಇಡಿಸಿದೆ. ಶನಿವಾರ ಅದು ಹೊಡೆದುಕೊಂಡಿತು. ನಿಲ್ಲಿಸುವುದು ತಿಳಿಯದೆ ಅವಳು ಅದನ್ನು ರಾಗಿಯ ಡಬ್ಬದೊಳಗೆ ಹೂತು ಮುಚ್ಚಳ ಹಾಕಿದಳು. ರಾಗಿಯೊಳಗಿಂದ ಅದು ಒಂದು ಗಂಟೆ ಕೂಗುತ್ತಿತ್ತಂತೆ. ಮತ್ತೆ ಹೊರಗೆ ತೆಗೆಯಲು ಅವಳು ಬಿಡಲಿಲ್ಲ.

ಸಂಜೆ ನಾಲ್ಕಕ್ಕೆ, ಎಮ್ಮೆ ಕೆರೆಯ ಕಡೆ ಮೇಯಲು ಹೋಗಿದ್ದಾಗ, ಖಾಲಿ ಗೂಟಕ್ಕೆ ಹೇಳಿ ನೋಡಿದೆ. "ಗೂಟ, ಒಂದು ಗಂಟಿನದು."

ಅಕ್ಕ ಅಲುಗಲಿಲ್ಲ. ಯಜಮಾನಿ ಅಲ್ಲೇ ಸಗಣಿ ಬಾಚುತ್ತಿದ್ದಳು. ಅವಳಿಗೆ ಅಕ್ಕ ಹೇಳಿದಳು, "ಗೂಟದ ಜೊತೆ ಮಾತಾಡೋ ಕಾಯಿಲೆ ನಮ್ಮ ವಂಶದಲ್ಲಿ ಇರ್ಲಿಲ್ಲ ಕಣೇ. ಹೊಸ್ದಾಗಿ ಬಂದೈತೆ."

ಆ ಯಜಮಾನಿ ನನ್ನ ಕಡೆ ತಿರುಗಿ, "ಮಾಸ್ಟ್ರೇ, ನಿಮಗೇನೋ ಕಾಯಿಲೆ ಬಂದೈತಂತೆ, ಔಷಧಿ ತಗೋಬೇಕಂತೆ," ಎಂದಳು. ಇದೇ ಕಾರಣಕ್ಕೆ ನಾವು ಅವಳನ್ನು ಬಿಟ್ಟು ಎಮ್ಮೆಯನ್ನು ಹಿಡಿದದ್ದು. ಆ ನಾಲ್ಕು ಗಂಟೆಯ ಹನಿ, ಎಮ್ಮೆ ಮೇದು ಬಂದ ಮೇಲೆ ಐದೂಕಾಲಿಗೆ ಬಿತ್ತು.

ಹುಡುಗಿಗೆ ಫೋನು ಮಾಡಿ ಲೆಕ್ಕದಲ್ಲಿ ಇದಕ್ಕೇನಾದರೂ ಪರಿಹಾರವಿದೆಯೇ ಎಂದು ಕೇಳಿದೆ. ಬಹಳ ಸುಲಭ ಸರ್, ಈ ಕಡೆಯ ಯಾವುದೋ ಒಂದು ಚುಕ್ಕಿಯಿಂದ ಆ ಕಡೆಯ ಯಾವುದೋ ಒಂದು ಚುಕ್ಕಿಗೆ ಒಂದೇ ಒಂದು ಗೆರೆ ಬಿದ್ದರೆ ಸಾಕು ಎಂದಳು. ಅದರಂತೆ ಭಾನುವಾರ ಐದು ಗಂಟೆಗೆ ವ್ಯಾನಿನವರನ್ನೆಲ್ಲ ನನ್ನ ಮನೆಯ ಮುಂದೆ ಸೇರಿಸಿದೆ. ಎಲ್ಲರೂ ಐದಕ್ಕೇ ಬಂದರು. ವ್ಯಾನಿನವರ ಗುಣವೇ ಅದು. ಐದೂಕಾಲರ ಹೊತ್ತಿಗೆ ಬಸ್ಸಿನವರೂ ಒಬ್ಬೊಬ್ಬರಾಗಿ ಅಕ್ಕನ ಜಗಲಿಯಲ್ಲಿ ಸೇರಿದರು.

ಯಾರಾದರೂ ಒಬ್ಬರು ಎದುರಿನವರಲ್ಲಿ ಒಬ್ಬರೊಂದಿಗೆ ಮಾತು ಶುರುಮಾಡಬೇಕು ಎಂದು ವಿವರಿಸಿದೆ.

"ಶುರು ಮಾಡಕ್ಕೇನು ಮಾಸ್ಟ್ರೇ," ಎಂದ ಮೂಲೆಮನೆಯವನು. "ನಿಮ್ಮಿಂದ ಬಿಟ್ಟಿದ್ದು. ನೀವು ಮುಂದೆ ಹೋಗಿ, ಹಿಂದೆ ನಾವು ಬತ್ತೀವಿ."

"ಎಂಜಿನ್ ಹೋಗ್ದೆ ಡಬ್ಬಿ ಹೋಗಕ್ಕಾಗ್ತದಾ," ಎಂದ ಇನ್ನೊಬ್ಬ.

ಎದುರಿನ ಜಗಲಿಯಲ್ಲೂ ಇದೇ ಮಾತು ನಡೆಯುತ್ತಿತ್ತು. ಇಪ್ಪತ್ತೆರಡು ಹೆಜ್ಜೆಯಲ್ಲಿ ಎಲ್ಲವೂ ಕೇಳಿಸುತ್ತದೆ. ನಡುವೆ ಅವರಿಗೆ ಸಕ್ಕರೆ ಸಾಲದೆ ಎಮ್ಮೆಗೆ ಹೇಳಿದರು, ನಮ್ಮ ಕಡೆಯಿಂದ ಒಂದು ಲೋಟ ಸಕ್ಕರೆಯನ್ನು ಗೂಟದ ಪಕ್ಕದ ಕಲ್ಲಿನ ಮೇಲೆ ಇಟ್ಟು ಬಂದರು. ಆರಕ್ಕೆ ಎರಡು ಸಭೆಗಳೂ ಮುಗಿದವು. ಏನೂ ತೀರ್ಮಾನವಾಗಲಿಲ್ಲ.

ನನ್ನ ಹೆಂಡತಿಗೆ ಹೇಳಿದೆ, ನೀನಾದರೂ ಹೋಗಿ ಹನ್ನೆರಡಕ್ಕೆ ಹೇಳಿ ಬಾ ಎಂದು. ಅವಳು ಅವರೆಕಾಯಿ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಅಕ್ಕ ನಿಮ್ಮದು, ಗಡಿಯಾರ ನಿಮ್ಮದು. ನಾನೇನು ಎಮ್ಮೇನಾ? ಇಪ್ಪತ್ತೆರಡೇ ಹೆಜ್ಜೆ ಕಣ್ರೀ. ಅಳ್ದಿಟ್ಕೊಂಡಿದೀರಲ್ಲ, ನಡೀರಿ."

ಸೋಮವಾರ ಹನ್ನೊಂದಕ್ಕೆ ಸೋದರಳಿಯನ ಗೂಡ್ಸ್ ಗಾಡಿ ಹೊಂಗೆ ಮರದ ಕೆಳಗೆ ಹಿಮ್ಮುಖವಾಗಿ ಬಂದು ನಿಂತಿತು. ಬೀದಿಯ ಎರಡೂ ಕಡೆಯವರು ಬಂದರು. ಎಮ್ಮೆಗೆ ಅರಿಶಿನ ಕುಂಕುಮ ಹಚ್ಚಿ ಬಾಳೆಹಣ್ಣು ತಿನ್ನಿಸಿದರು. ಇನ್ನು ದಾರಿ ಇರುವುದಿಲ್ಲವೆಂದು ಎಲ್ಲರಿಗೂ ತಿಳಿದಿದ್ದರಿಂದ, ಬಾಕಿ ಉಳಿದ ಮಾತುಗಳನ್ನೆಲ್ಲ ಹೇಳತೊಡಗಿದರು.

"ಎಮ್ಮೆ, ಆ ಏಣಿ ಅವ್ರದ್ದಲ್ಲ, ನಮ್ಮಪ್ಪ ಮಾಡ್ಸಿದ್ದು ಅಂತ ಹೇಳು."

"ಒಂದು ಮೆಟ್ಲು ಮುರಿದಿದ್ದು ಯಾರು ಅಂತಾನೂ ಕೇಳು."

"ಅವ್ರ ಮಗನಿಗೆ ಹೆಣ್ಣು ನೋಡ್ತಿದಾರಂತೆ, ನಮ್ಮ ತಂಗಿ ಮಗಳು ಒಬ್ಳಿದಾಳೆ, ಬೇಕಾದ್ರೆ ಕೇಳ್ಕೊಳ್ಳಿ ಅನ್ನು."

"ಜಾತಕ ಎಮ್ಮೆ ಕೊಂಬಿಗೆ ಕಟ್ಬಿಡಿ ಅನ್ನವ್ವ."

ಇಷ್ಟು ಜನ ಒಟ್ಟಿಗೆ ಕಿವಿಯ ಹತ್ತಿರ ಮಾತಾಡಿದ್ದರಿಂದಲೋ ಏನೋ ಎಮ್ಮೆ ಗಾಡಿ ಹತ್ತಲು ಒಪ್ಪಲಿಲ್ಲ. ನಾಲ್ಕು ಜನ ವ್ಯಾನಿನವರು ಹಿಂದಿನಿಂದ ನೂಕಿದರು, ಮೂರು ಜನ ಬಸ್ಸಿನವರು ಮುಂದಿನಿಂದ ಹಗ್ಗ ಎಳೆದರು. ಯಾವ ಕಡೆಯವರೂ ಇನ್ನೊಂದು ಕಡೆಯವರಿಗೆ 'ಈಗ' ಎಂದು ಹೇಳುವಂತಿರಲಿಲ್ಲವಾದ್ದರಿಂದ ಅವರು ಎಳೆಯುವಾಗ ಇವರು ನೂಕುತ್ತಿರಲಿಲ್ಲ. ಕೊನೆಗೆ ನಾನು ನಿಮಿಷಕ್ಕೊಂದು ಸಲ ಎಮ್ಮೆಗೆ "ಈಗ" ಎಂದೆ. ಹನ್ನೊಂದೂ ಐವತ್ತೆರಡಕ್ಕೆ ಗಾಡಿ ಹೊರಟಿತು. ಯಜಮಾನಿ ಮುಂದಿನ ಸೀಟಿನಲ್ಲಿ ಚೀಲ ತಬ್ಬಿಕೊಂಡು ಕೂತಿದ್ದಳು. ಆಲದ ಮರದ ತಿರುವಿನಲ್ಲಿ ಎಮ್ಮೆಯ ಬೆನ್ನು ಮರೆಯಾಯಿತು. ಜನ ಚದುರಿದರು.

ಶಾಲೆಯ ಊಟದ ಬೆಲ್ಲು ಹೊಡೆಯಿತು. ಹನ್ನೆರಡು.

ನಾನು ಹೊಸ್ತಿಲಲ್ಲಿ ನಿಂತಿದ್ದೆ. ಎದುರಿಗೆ ಅಕ್ಕ ದಿಂಬಿಗೆ ತಲೆಯಿಟ್ಟು, ಎರಡು ಬಾಟಲಿಗಳನ್ನೂ ಅಂಗೈಯಲ್ಲಿ ಹಿಡಿದು, ಮುಖ ಮೇಲೆ ಮಾಡಿಕೊಂಡು ಕಾಯುತ್ತಿದ್ದಳು. ಬೆಲ್ಲು ಅವಳಿಗೂ ಕೇಳಿಸಿತ್ತು. ದಾರದ ಗಂಟು ಬೆರಳಿಗೂ ತಿಳಿಯುತ್ತಿತ್ತು. ಆದರೂ ಹಾಕಿಕೊಳ್ಳಲಿಲ್ಲ. ಹೇಳುವವರು ಹೇಳದೆ ತಾನಾಗಿ ಹಾಕಿಕೊಳ್ಳುವುದು ಅವಳ ಪ್ರಕಾರ ಕ್ರಮವಲ್ಲ. ನಾನು ಗೂಟದ ಕಡೆ ನೋಡಿ ಬಾಯಿ ತೆರೆದೆ. ಮುಚ್ಚಿ ವಾಚು ನೋಡಿದೆ. ಹನ್ನೆರಡೂ ಒಂದು. ಹನ್ನೆರಡೂ ಎರಡು. ಸರ್ವಿಸ್ಸಿನಲ್ಲಿ ಗಾಡಿ ಬರಬಹುದೆಂದು ಲೈನ್ ಕ್ಲಿಯರ್ ಕೊಡುವುದನ್ನು ಒಂದು ನಿಮಿಷ ತಡಮಾಡಿದ್ದರೂ ಕಾರಣ ಬರೆದಿಡುತ್ತಿದ್ದೆ. ಇಲ್ಲಿ ಬರೆಯಲು ಕಾರಣವಿರಲಿಲ್ಲ. ಹಿಂದೆ ಅಡಿಗೆಮನೆಯಲ್ಲಿ ಹೆಂಡತಿಯ ಪಾತ್ರೆಯ ಸದ್ದು ನಿಂತಿತ್ತು. ಹನ್ನೆರಡೂ ನಾಲ್ಕು.

ಹನ್ನೆರಡೂ ಆರಕ್ಕೆ ನಾನು ಅವಳ ಜಗಲಿಯ ಹತ್ತಿರ ನಿಂತಿದ್ದೆ. ಹೆಜ್ಜೆ ಎಣಿಸಲಿಲ್ಲ.

"ಒಂದು ಗಂಟಿನದು," ಎಂದೆ.

ಅವಳು ಕಣ್ಣು ತೆರೆಯಲಿಲ್ಲ. "ಯಾರಿಗ್ ಹೇಳ್ತಿದೀಯ?"

"ನಿಂಗೇ ಕಣಕ್ಕ."

"ಲೇಟಾಯ್ತು."

"ಆರು ನಿಮಿಷ."

"ಅವತ್ತು ನಂದು ಎರಡೇ ನಿಮಿಷ ಕಣೋ," ಎಂದಳು. "ಕಳಸದ ತೆಂಗಿನಕಾಯಿಗೆ ಜುಟ್ಟಿರ್ಲಿಲ್ಲ, ಬೇರೆ ಕಾಯಿ ತರಕ್ ಒಳಗ್ ಹೋದೆ. ಬರೋವಷ್ಟ್ರಲ್ಲಿ ವ್ಯಾನು ಆಲದ ಮರದ ಹತ್ರ ಇತ್ತು. ಕಳಸ ಎತ್ತಿ ಹಿಡ್ದು ಕೂಗ್ದೆ."

ಇದನ್ನು ನಾನು ಯಾವ ಎಮ್ಮೆಗೂ ಹೇಳಿರಲಿಲ್ಲ. "ಕನ್ನಡೀಲಿ ಕಾಣಿಸ್ತು," ಎಂದೆ. "ಡ್ರೈವರ್ ಪಕ್ಕ ಕೂತಿದ್ದೆ."

ಅಕ್ಕ ಒಂದು ಬಾಟಲಿಯನ್ನು ನನ್ನ ಕಡೆ ಚಾಚಿದಳು. "ಗೊತ್ತು. ವ್ಯಾನು ತಿರುಗೋವಾಗ ನಿನ್ನ ಮುಖಾನೂ ನಂಗೆ ಕಾಣಿಸ್ತು. ಹಾಕು ಹನಿ."

ಬಾಟಲಿ ತೆಗೆದುಕೊಂಡೆ. ನನಗೆ ಕಣ್ಣಿಗೆ ಹನಿ ಹಾಕಿ ಅಭ್ಯಾಸವಿರಲಿಲ್ಲ. ಮೊದಲನೆಯದು ಮೂಗಿನ ಮೇಲೆ ಬಿತ್ತು. "ಗಾಡಿ ಬಿಡೋದಷ್ಟೇ ಬರೋದು ನಿಂಗೆ," ಎಂದಳು. ಎರಡನೆಯದು ಸರಿಯಾಗಿ ಬಿತ್ತು.

ಆ ಸಂಜೆ ಹುಡುಗಿಗೆ ಫೋನು ಮಾಡಿ, ಒಂಬತ್ತರಿಂದ ಇಪ್ಪತ್ತೇಳಕ್ಕೆ ಒಂದು ಗೆರೆ ಎಳೆಯಬೇಕು ಎಂದು ತಿಳಿಸಿದೆ. ಸರ್ವೆ ಮುಗಿದಿದೆ ಸರ್, ಈಗ ಸೇರಿಸಲು ಬರುವುದಿಲ್ಲ ಎಂದಳು. ಅವಳ ಪ್ರಬಂಧ ಪೂರ್ತಿ ನಲವತ್ತೊಂದರ ಮೇಲೆ ನಿಂತಿದೆಯಂತೆ. ಕೆಲವು ದಿನದ ಮೇಲೆ ಅವಳೇ ಫೋನು ಮಾಡಿದಳು, ಅಜ್ಜಂಪುರಕ್ಕೆ ಹೋಗಿ ನೋಡಿಯೂ ಬಂದಳಂತೆ. ಆ ಬೀದಿಯಲ್ಲಿ ಯಾರೂ ಮಾತು ಬಿಟ್ಟಿಲ್ಲ, ಎಮ್ಮೆಗೆ ಯಾರೂ ಏನೂ ಹೇಳುವುದಿಲ್ಲ, ಹಾಲು ಮಾತ್ರ ಕರೆಯುತ್ತಾರೆ ಎಂದು ಬೇಸರದಿಂದ ಹೇಳಿದಳು. ನಮ್ಮ ಬೀದಿಯ ಏಣಿಯ ವಿಷಯವೂ ಇನ್ನೂ ಇತ್ಯರ್ಥವಾಗಿಲ್ಲ. ಅದಕ್ಕೆ ಈಗ ನೇರವಾಗಿಯೇ ಜಗಳವಾಡುತ್ತಾರೆ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಇನ್ನೂ ಎರಡು ಗಂಟಿನ ಬಾಟಲಿ ಬಾಕಿ ಇತ್ತು. ಐದು ನಿಮಿಷ ಬಿಡಬೇಕು. ನಾನು ಜಗಲಿಯ ಅಂಚಿನಲ್ಲಿ ಕೂತು ವಾಚು ನೋಡುತ್ತಿದ್ದೆ, ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಏನಾದರೂ ಮಾತಾಡಬೇಕು ಅನ್ನಿಸಿತು. ಅವಳಿಗೂ ಅನ್ನಿಸಿರಬೇಕು, ಒಂದೆರಡು ಸಲ ಗಂಟಲು ಸರಿಮಾಡಿಕೊಂಡಳು. ಆದರೆ ಹದಿನಾಲ್ಕು ವರ್ಷದ ಸಮಾಚಾರವನ್ನೆಲ್ಲ ಆಗಿಂದಾಗಲೇ ಎಮ್ಮೆಗೆ ಹೇಳಿ ಮುಗಿಸಿದ್ದರಿಂದ ಹೊಸದಾಗಿ ಹೇಳುವಂಥದ್ದು ಇಬ್ಬರ ಹತ್ತಿರವೂ ಇರಲಿಲ್ಲ. ಇಬ್ಬರೂ ಖಾಲಿ ಗೂಟದ ಕಡೆ ಮುಖ ಮಾಡಿಕೊಂಡು ಕೂತಿದ್ದೆವು.

"ಟೈಮಾಯ್ತೇನೋ?" ಎಂದಳು.

"ಇನ್ನೊಂದು ನಿಮಿಷ."

"ಹಾಕ್ಬಿಡೋ. ಒಂದು ನಿಮಿಷಕ್ಕೆ ಏನಾಗ್ತದೆ."

ಹಾಕಲಿಲ್ಲ. ಐದು ಅಂದರೆ ಐದು.